ಮನೆಯ ನಾಯಿ ಬೆಕ್ಕುಗಳ ಆರೋಗ್ಯರಕ್ಷಣೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಿಡುವಳಿದಾರರನ್ನೂ ಗ್ರಾಮಮುಖಂಡರನ್ನೂ ಕುರಿತು ಮಾಡಿದ ಉಪನ್ಯಾಸ



ವ್ಯವಸಾಯದ ವಿಚಾರವಾಗಿ ತಮ್ಮೆದುರಿಗೆ ಮಾತನಾಡಬರುವವರು ಸಾಮಾನ್ಯವಾಗಿ ಬಿತ್ತನೆಯ ಬೀಜ, ಗೊಬ್ಬರ, ಉಳುವ ಎತ್ತು, ಕರೆಯುವ ಹಸು, ಭತ್ತ, ರಾಗಿ, ಹೊಗೆಸೊಪ್ಪು ಇವುಗಳ ಪ್ರಸ್ತಾಪವನ್ನೇ ತರುವುದು ವಾಡಿಕೆ. ಈ ದಿನ ನಾನು ಮಾತನಾಡಬೇಕೆಂದಿರುವುದು ನಾಯಿ ಬೆಕ್ಕುಗಳನ್ನು ಕುರಿತು. ಇದನ್ನು ಕೇಳಿ ತಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಅಂಗಳದಲ್ಲಿ ಬಿದ್ದಿರುವ ನಾಯಿಗೂ ಒಲೆಯ ಮಗ್ಗುಲಲ್ಲಿ ಮಲಗುವ ಬೆಕ್ಕಿಗೂ ಆರೋಗ್ಯದ ಉಪದೇಶವೇ, ಹಾಕಿದ್ದನ್ನು ತಿಂದು ಅವು ತಮ್ಮ ಪಾಡಿಗೆ ತಾವು ಬದುಕುವುದಿಲ್ಲವೇ, ಎಂದು ಕೇಳಬಹುದು. ಈ ಪ್ರಶ್ನೆಗೆ ಉತ್ತರ ಹೇಳುವುದಕ್ಕಾಗಿಯೇ ನಾನು ಇಲ್ಲಿ ನಿಂತಿದ್ದೇನೆ.

ನಮ್ಮ ಪೂರ್ವಿಕರು ನಾಯಿಯನ್ನು ಹಗುರವಾಗಿ ಎಣಿಸಿದವರಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಕಾಲದ ಶಿಲಾಶಾಸನವೊಂದುಂಟು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ಮಣಲೇರನೆಂಬ ವೀರನಿಗೆ, ಬೇಕಾದುದನ್ನು ಕೇಳಿಕೊಳ್ಳೆಂದು ಒಡೆಯನು ಹೇಳಲು, ಅವನು ಕಾಳಿಯೆಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಆ ನಾಯಿಯು ಮುಂದೆ ದೊಡ್ಡದೊಂದು ಹಂದಿಯೊಡನೆ ಹೋರಾಡಿ, ನಾಯಿಯೂ ಹಂದಿಯೂ ಒಟ್ಟಿಗೆ ಮಡಿದುವು. ಅದರ ನೆನಪಿಗಾಗಿ ದೇವಾಲಯದ ಮುಂದೆ ಕಲ್ಲನ್ನು ನೆಡಿಸಿ ಭೂಮಿಯನ್ನೂ ಬಿಟ್ಟರು. ನಾಯಿಯ ಹೆಸರಿನಲ್ಲಿ ಭೂಮಿ ಬಿಟ್ಟ ನಾಡು ನಮ್ಮದು. ನಾನು ತಮ್ಮಿಂದ ಭೂಮಿಯನ್ನು ಕೇಳುವುದಿಲ್ಲ. ವರ್ಷಕ್ಕೊಂದು ಚುಚ್ಚುಮದ್ದನ್ನೂ, ಮೂರು ತಿಂಗಳಿಗೊಮ್ಮೆ ಒಂದು ಮಾತ್ರೆಯನ್ನೂ, ದಿನವೂ ಸ್ವಲ್ಪ ಗಮನವನ್ನೂ ಮಾತ್ರ ಕೇಳುತ್ತೇನೆ. ಇಷ್ಟನ್ನು ಕೊಟ್ಟಲ್ಲಿ ಅದರ ಫಲವು ನಾಯಿ ಬೆಕ್ಕುಗಳಿಗಿಂತ ಹೆಚ್ಚಾಗಿ ತಮ್ಮ ಮಕ್ಕಳಿಗೂ ದನಕರುಗಳಿಗೂ ದಕ್ಕುವುದೆಂಬುದೇ ಈ ಉಪನ್ಯಾಸದ ಸಾರಾಂಶ.

1. ಇವುಗಳ ಉಪಯೋಗ

ಕೃಷ್ಣರಾಜನಗರದ ಸೀಮೆಯನ್ನು ಭತ್ತದ ಕಣಜವೆನ್ನುತ್ತಾರೆ. ಕಣಜವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು ಬೇಕಾಗುವುದು ಸಹಜ. ಹುಣಸೂರು, ಪಿರಿಯಾಪಟ್ಟಣಗಳ ಕಡೆ ಹೊಗೆಸೊಪ್ಪನ್ನು ಬೇಯಿಸುವ ದಿನಗಳಲ್ಲಿ ರಾತ್ರಿಯೆಲ್ಲ ಬ್ಯಾರನ್ನಿನ ಬಳಿ ಕಾಯುವ ರೈತನಿಗೆ ಜೊತೆಯಾಗಿರುವುದು ನಾಯಿ. ಹೆಗ್ಗಡದೇವನಕೋಟೆಯ ಕಾಡಂಚಿನ ಗ್ರಾಮಗಳಲ್ಲಿಯೂ ಹಾಡಿಗಳಲ್ಲಿಯೂ ಹಂದಿಯೋ ಆನೆಯೋ ಹೊಲದ ಕಡೆ ಬಂದಾಗ ಮೊದಲು ಎಚ್ಚರಿಸುವುದೂ ನಾಯಿಯೇ. ಹೀಗೆ ಸಂಬಳವಿಲ್ಲದೆ ದುಡಿಯುವ ಈ ಎರಡು ಪ್ರಾಣಿಗಳಿಗೆ ಎತ್ತಿಗೆ ಸಲ್ಲುವ ಆರೈಕೆಯಲ್ಲಿ ನಾಲ್ಕರಲ್ಲೊಂದು ಪಾಲೂ ಸಲ್ಲುತ್ತಿಲ್ಲ. ಎತ್ತು ಮೇವು ಬಿಟ್ಟರೆ ಆ ಹೊತ್ತಿಗೇ ದನದಾಸ್ಪತ್ರೆಗೆ ಓಡುವ ಯಜಮಾನರು, ನಾಯಿ ಮೂರು ದಿನ ಅನ್ನ ಬಿಟ್ಟರೂ ತಾನಾಗಿ ಸರಿಹೋಗುವುದೆಂದು ಸುಮ್ಮನಿರುತ್ತಾರೆ.

2. ಆಹಾರ ಮತ್ತು ನೀರು

ನಮ್ಮ ಕಡೆ ನಾಯಿಗೆ ಉಳಿದ ಮುದ್ದೆ, ಅನ್ನ, ಸಾರು ಹಾಕುವುದು ರೂಢಿ. ರಾಗಿಯಿಂದ ನಾಯಿಗೆ ಬಲ ಬರುವುದೇನೋ ನಿಜ. ಆದರೆ ಮುದ್ದೆಯೊಂದರಿಂದಲೇ ಅದರ ಮಾಂಸಖಂಡಗಳು ಬೆಳೆಯಲಾರವು. ವಾರದಲ್ಲಿ ಕೆಲವು ದಿನವಾದರೂ ಬೇಯಿಸಿದ ಮೊಟ್ಟೆ, ಮಾಂಸ ಅಥವಾ ಮೀನು ಅದಕ್ಕೆ ಸಿಕ್ಕತಕ್ಕದ್ದು. ಮಾಂಸ ತಿನ್ನದ ಮನೆಗಳಲ್ಲಿ ಮೊಸರು, ಮಜ್ಜಿಗೆ, ಚೆನ್ನಾಗಿ ಬೆಂದ ಬೇಳೆ ಇವುಗಳನ್ನು ಕಲಸಿ ಹಾಕಬಹುದು. ಈರುಳ್ಳಿ, ಬೆಳ್ಳುಳ್ಳಿಗಳು ನಾಯಿ ಬೆಕ್ಕುಗಳ ರಕ್ತಕಣಗಳನ್ನು ಕೆಡಿಸುತ್ತವೆ; ಆದಕಾರಣ ಅವುಗಳ ಪಾಲನ್ನು ಒಗ್ಗರಣೆಗೂ ಖಾರಕ್ಕೂ ಮುಂಚೆಯೇ ತೆಗೆದಿಡುವುದು ಲೇಸು. ದ್ರಾಕ್ಷಿ, ಚಾಕೊಲೇಟುಗಳೂ ನಾಯಿಗೆ ವಿಷವೇ. ಬೇಯಿಸಿದ ಕೋಳಿಯ ಮೂಳೆಯು ಸಿಗುರು ಸಿಗುರಾಗಿ ಒಡೆದು ಕರುಳನ್ನು ಚುಚ್ಚುವುದುಂಟು, ಅದನ್ನು ಹಾಕಬಾರದು.

ಬೆಕ್ಕಿನ ವಿಚಾರ ಬೇರೆ. ಅದು ಹುಟ್ಟಿನಿಂದಲೇ ಮಾಂಸಾಹಾರಿ. ಹಾಲನ್ನದಲ್ಲಿಯೇ ಬೆಕ್ಕನ್ನು ಸಾಕಿದರೆ ಅದರ ಕಣ್ಣು ಮತ್ತು ಹೃದಯಗಳಿಗೆ ಅವಶ್ಯವಾದ ಪದಾರ್ಥವು ದೊರೆಯದೆ ಕಾಲಕ್ರಮದಲ್ಲಿ ಅವು ಕೆಡುವುವು. ಬಹುಮಂದಿ ತಿಳಿದಿರುವಂತೆ ಹಾಲು ಬೆಕ್ಕಿಗೆ ಪೂರ್ಣಾಹಾರವಲ್ಲ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನಿಂದ ಭೇದಿಯಾಗುತ್ತದೆ. ಹೊಟ್ಟೆಗೆ ಹಾಕದಿದ್ದರೆ ಬೆಕ್ಕು ಚೆನ್ನಾಗಿ ಇಲಿ ಹಿಡಿಯುವುದೆಂಬುದೂ ತಪ್ಪು ತಿಳಿವಳಿಕೆ. ಹಸಿದ ಬೆಕ್ಕು ಊರೂರು ಅಲೆಯುವುದು. ಉಂಡ ಬೆಕ್ಕು ತನ್ನ ಕಣಜವನ್ನು ಬಿಟ್ಟು ಹೋಗದೆ ಬೇಟೆಯಾಡುವುದು.

ನೀರಿನ ಬೋಗುಣಿಯನ್ನು ದಿನವೂ ತೊಳೆದು, ಬೆಳಗ್ಗೆ ಸಂಜೆ ಹೊಸ ನೀರು ತುಂಬಿ ನೆರಳಿನಲ್ಲಿಡಬೇಕು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವ ಶಕ್ತಿಯಿಲ್ಲ. ತೇಕುತ್ತ ನಾಲಗೆಯಿಂದಲೇ ಮೈಯ ಶಾಖವನ್ನು ಇಳಿಸಿಕೊಳ್ಳಬೇಕು. ಚೈತ್ರ ವೈಶಾಖದ ಬಿಸಿಲಿನಲ್ಲಿ ಗಿಡ್ಡ ಸರಪಣಿಯಿಂದ ಕಟ್ಟಿದ ನಾಯಿಯು ನೀರಿಲ್ಲದೆ ಕೆಲವೇ ಗಂಟೆಗಳಲ್ಲಿ ಸಾಯುವುದುಂಟು. ಹಗಲೆಲ್ಲ ಕಟ್ಟಿಹಾಕಿದ ನಾಯಿಯು ಕಾವಲುಗಾರನಾಗುವುದಿಲ್ಲ, ಕಚ್ಚುವ ಪ್ರಾಣಿಯಾಗುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

3. ಹೊಟ್ಟೆಯ ಹುಳುಗಳು

ಮರಿಯ ಹೊಟ್ಟೆ ಗುಡಾಣದಂತೆ ಉಬ್ಬಿ ಬೆನ್ನೆಲುಬು ಕಾಣುತ್ತಿದ್ದರೆ, ಅದು ಹೊಟ್ಟೆ ತುಂಬಿದ ಗುರುತಲ್ಲ, ಹುಳುವಿನ ಗುರುತು. ನಾಯಿಮರಿಗೆ ತಾಯಿಯ ಗರ್ಭದಲ್ಲಿರುವಾಗಲೇ ಜಂತುಹುಳು ತಗಲುತ್ತದೆ; ತಾಯಿಯ ಹಾಲಿನಿಂದಲೂ ಬರುತ್ತದೆ. ಆದಕಾರಣ ಮರಿಗೆ ಎರಡು ವಾರ ತುಂಬಿದ ಕೂಡಲೇ ಮೊದಲನೆಯ ಔಷಧವನ್ನು ಕೊಟ್ಟು, ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಅನಂತರ ಮೂರು ತಿಂಗಳಿಗೊಮ್ಮೆ ಕೊಡುತ್ತಿರಬೇಕು. ಪ್ರಮಾಣವು ಪ್ರಾಣಿಯ ತೂಕಕ್ಕೆ ತಕ್ಕಂತೆ ಇರುವುದರಿಂದ ಪಶುವೈದ್ಯರನ್ನು ಕೇಳಿಯೇ ಕೊಡತಕ್ಕದ್ದು.

ಈ ಹುಳುಗಳ ತತ್ತಿಗಳು ನಾಯಿಯ ಮಲದೊಡನೆ ಅಂಗಳದ ಮಣ್ಣಿಗೆ ಸೇರಿ, ಅಲ್ಲಿ ಆಡುವ ಮಕ್ಕಳ ಕೈಗೂ ಬಾಯಿಗೂ ಹೋಗುತ್ತವೆ. ಮಲವನ್ನು ಸಲಿಕೆಯಿಂದೆತ್ತಿ ಗುಂಡಿಯಲ್ಲಿ ಮುಚ್ಚುವುದೂ, ಮಕ್ಕಳಿಗೆ ಊಟಕ್ಕೆ ಮುಂಚೆ ಕೈ ತೊಳೆಯುವ ಅಭ್ಯಾಸ ಮಾಡಿಸುವುದೂ ಇದಕ್ಕಿರುವ ಉಪಾಯ.

ಮಾರಿಹಬ್ಬದ ಕಾಲದಲ್ಲಿ ನಡೆಯುವ ಒಂದು ಪ್ರಮಾದವನ್ನು ಹೇಳಲೇಬೇಕಾಗಿದೆ. ಕುರಿ ಮೇಕೆಗಳನ್ನು ಕುಯ್ದಾಗ ಬೇಡವಾದ ಶ್ವಾಸಕೋಶ, ಪಿತ್ತಜನಕಾಂಗ, ತಲೆ ಇವುಗಳನ್ನು ಹಸಿಯಾಗಿಯೇ ನಾಯಿಗಳ ಮುಂದೆ ಎಸೆಯುತ್ತಾರೆ. ಇವುಗಳಲ್ಲಿ ಕೆಲವು ವೇಳೆ ನೀರು ತುಂಬಿದ ಗುಳ್ಳೆಗಳಿರುವುದನ್ನು ತಾವು ಕಂಡಿರಬಹುದು. ಆ ಗುಳ್ಳೆಯೊಳಗಿರುವುದು ಲಾಡಿಹುಳುವಿನ ಮರಿ. ನಾಯಿ ಅದನ್ನು ತಿಂದರೆ ಅದರ ಕರುಳಿನಲ್ಲಿ ಹುಳು ಬೆಳೆದು, ತತ್ತಿಗಳು ಹುಲ್ಲಿನ ಮೂಲಕ ಮತ್ತೆ ಕುರಿಗಳಿಗೂ, ಕೈ ಬಾಯಿಗಳ ಮೂಲಕ ಮನುಷ್ಯರಿಗೂ ಸೇರುವುವು. ಮನುಷ್ಯನ ಪಿತ್ತಜನಕಾಂಗದಲ್ಲಿಯೂ ಶ್ವಾಸಕೋಶದಲ್ಲಿಯೂ ಅಂಥದೇ ನೀರುಗಡ್ಡೆ ಬೆಳೆದು ಶಸ್ತ್ರಚಿಕಿತ್ಸೆಯವರೆಗೆ ಹೋಗುತ್ತದೆ. ಕುರಿಗಳು ತಲೆಯನ್ನು ವಾರೆಮಾಡಿಕೊಂಡು ಒಂದೇ ಕಡೆಗೆ ಸುತ್ತುತ್ತ ಸಾಯುವ ಬೇನೆಗೂ ನಾಯಿಯ ಲಾಡಿಹುಳುವಿನ ಮತ್ತೊಂದು ಜಾತಿಯೇ ಕಾರಣ. ಕುರಿಯ ತ್ಯಾಜ್ಯವನ್ನು ಆಳವಾಗಿ ಹೂಳಬೇಕು. ನಾಯಿಗೆ ಹಾಕುವುದಾದರೆ ಚೆನ್ನಾಗಿ ಬೇಯಿಸಿಯೇ ಹಾಕಬೇಕು.

4. ಉಣ್ಣೆ, ಚಿಗಟ, ಕಜ್ಜಿ

ಉಣ್ಣೆಯು ನಾಯಿಯ ರಕ್ತವನ್ನು ಹೀರುವುದಷ್ಟೇ ಅಲ್ಲದೆ ಜ್ವರವನ್ನೂ ಹರಡುತ್ತದೆ. ನಾಯಿ ಮಂಕಾಗಿ, ಅನ್ನ ಬಿಟ್ಟು, ವಸಡು ಬಿಳಿಚಿಕೊಂಡು, ಮೂತ್ರ ಕೆಂಪಾದರೆ ಉಣ್ಣೆಜ್ವರವೆಂದು ಶಂಕಿಸಿ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು. ನಾಯಿಯ ಮೈಯ ಮೇಲಿನ ಉಣ್ಣೆಯನ್ನು ಮಾತ್ರ ಕಿತ್ತರೆ ಸಾಲದು. ಉಣ್ಣೆಯು ತತ್ತಿಯಿಡುವುದು ಕೊಟ್ಟಿಗೆಯ ಗೋಡೆಯ ಬಿರುಕುಗಳಲ್ಲಿ. ಅವನ್ನು ಮೆತ್ತಿ ಸುಣ್ಣ ಬಳಿದು, ನಾಯಿ ಮಲಗುವ ಗೋಣಿಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು.

ಕಜ್ಜಿಯ ವಿಷಯದಲ್ಲಿ ನಮ್ಮ ಸೀಮೆಗೇ ವಿಶೇಷವಾದ ಒಂದು ಅಪಾಯವುಂಟು. ಹೊಗೆಸೊಪ್ಪು ಬೆಳೆಯುವ ಕಡೆ ಅದನ್ನು ನೆನೆಸಿದ ನೀರನ್ನು ಕಜ್ಜಿ ಹತ್ತಿದ ನಾಯಿಗೆ ಬಳಿಯಲು ಹೊರಡುವುದು ಸುಲಭ. ಹೊಗೆಸೊಪ್ಪಿನ ವಿಷವು ಚರ್ಮದ ಮೂಲಕವೇ ದೇಹಕ್ಕೆ ಸೇರುವಂಥದು. ಗಾಯವಿರುವ ಚರ್ಮಕ್ಕಂತೂ ಹೇಳಬೇಕಾಗಿಲ್ಲ. ನಾಯಿ ಅದನ್ನು ನೆಕ್ಕಿದರೆ ಜೊಲ್ಲು ಸುರಿದು, ನಡುಕ ಬಂದು, ಉಸಿರು ನಿಲ್ಲಬಹುದು. ಬಂಡಿಗೋ ಟ್ರಾಕ್ಟರಿಗೋ ಹಾಕಿ ತೆಗೆದ ಹಳೆಯ ಎಣ್ಣೆಯನ್ನು ಬಳಿಯುವುದೂ ಇಷ್ಟೇ ಕೆಟ್ಟದ್ದು. ಕಜ್ಜಿಯೆಂಬುದು ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳಿಂದಾಗುವ ರೋಗ. ಅದಕ್ಕೆ ಈಗ ಒಳ್ಳೆಯ ಔಷಧಗಳಿವೆ. ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ.

ಮಳೆಗಾಲದಲ್ಲಿ ಗಾಯದ ಮೇಲೆ ನೊಣ ಕೂತು ಹುಳು ಬಿದ್ದರೆ, ಫಿನಾಯಿಲ್ಲನ್ನಾಗಲಿ ಬೆಳೆಗೆ ಹೊಡೆಯುವ ಔಷಧವನ್ನಾಗಲಿ ಸುರಿಯಕೂಡದು. ಸುತ್ತಲಿನ ಕೂದಲನ್ನು ಕತ್ತರಿಸಿ, ಉಪ್ಪುನೀರಿನಿಂದ ತೊಳೆದು, ಹುಳುಗಳನ್ನು ಒಂದೂ ಉಳಿಯದಂತೆ ಪಶುವೈದ್ಯರಿಂದ ತೆಗೆಸಬೇಕು.

5. ಮನೆಯೊಳಗಿನ ವಿಷಗಳು

ಮೂರು ಮಾತುಗಳನ್ನು ಮನೆಯ ಹೆಂಗಸರಿಗೂ ತಿಳಿಸಬೇಕೆಂದು ಕೋರುತ್ತೇನೆ.

ಮೊದಲನೆಯದಾಗಿ, ಮನುಷ್ಯರು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಬೆಕ್ಕಿಗೆ ಎಂದಿಗೂ ಕೊಡಬಾರದು. 500 ಮಿಲಿಗ್ರಾಮಿನ ಒಂದೇ ಮಾತ್ರೆಯು ಬೆಕ್ಕನ್ನು ಕೊಲ್ಲಬಲ್ಲದು.

ಎರಡನೆಯದಾಗಿ, ದನಗಳಿಗೂ ನಾಯಿಗಳಿಗೂ ಉಣ್ಣೆ ಬೀಳಲೆಂದು ಹಚ್ಚುವ ಔಷಧಗಳಲ್ಲಿ ಅನೇಕವು ಬೆಕ್ಕಿಗೆ ಪ್ರಾಣಾಂತಿಕವಾದವು. ನಾಯಿಗೆ ಹಚ್ಚಿದ ದಿನ ಅದರ ಮಗ್ಗುಲಲ್ಲಿ ಬೆಕ್ಕು ಮಲಗದಂತೆ ನೋಡಿಕೊಳ್ಳಬೇಕು.

ಮೂರನೆಯದಾಗಿ, ಇಲಿಪಾಷಾಣ. ಪಾಷಾಣ ತಿಂದ ಇಲಿಯನ್ನು ಬೆಕ್ಕು ಹಿಡಿಯುತ್ತದೆ. ನಾಯಿ ಆ ರೊಟ್ಟಿಯ ತುಂಡನ್ನೇ ತಿನ್ನುತ್ತದೆ. ಬೆಕ್ಕನ್ನು ಸಾಕಿದವರು ಪಾಷಾಣವನ್ನಿಡಬಾರದು, ಬೋನನ್ನು ಬಳಸಲಿ. ಅಕಸ್ಮಾತ್ತಾಗಿ ತಿಂದದ್ದು ಕಂಡರೆ, ಪಾಷಾಣದ ಪೊಟ್ಟಣವನ್ನೂ ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಧಾವಿಸಬೇಕು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಜಾತಿಯ ಪಾಷಾಣಕ್ಕೆ ಪ್ರತ್ಯೌಷಧವಿದೆ. ಆದರೆ ಅದು ಯಾವ ಜಾತಿಯದೆಂದು ವೈದ್ಯರಿಗೆ ತಿಳಿಯುವುದು ಪೊಟ್ಟಣದಿಂದಲೇ.

6. ಮರಿಗಳಿಗೆ ಬರುವ ಅಂಟುರೋಗಗಳು

ಎರಡರಿಂದ ಆರು ತಿಂಗಳ ಮರಿಯು ಇದ್ದಕ್ಕಿದ್ದಂತೆ ವಾಂತಿ ಮಾಡಿ, ದುರ್ವಾಸನೆಯ ರಕ್ತಭೇದಿ ಮಾಡಿಕೊಂಡರೆ ಅದು ಪಾರ್ವೊ ಎಂಬ ರೋಗವಾಗಿರಬಹುದು. ಎರಡು ಮೂರು ದಿನಗಳಲ್ಲಿ ಮರಿ ಸಾಯುತ್ತದೆ. ರಕ್ತನಾಳಕ್ಕೆ ಲವಣದ ನೀರನ್ನು ಕೊಟ್ಟು ಉಪಚರಿಸಿದರೆ ಅನೇಕ ಮರಿಗಳು ಉಳಿಯುತ್ತವೆ. ಈ ರೋಗದ ವಿಷಾಣುವು ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಿಸಿರುವುದರಿಂದ, ಮರಿ ಸತ್ತ ಜಾಗವನ್ನು ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆಯದೆ, ಹೊಸ ಮರಿಗೆ ಲಸಿಕೆ ಪೂರ್ತಿಯಾಗದೆ, ಅಲ್ಲಿಗೆ ತರಕೂಡದು.

ಕಣ್ಣು ಮೂಗುಗಳಲ್ಲಿ ಕೀವು, ಕೆಮ್ಮು, ಜ್ವರ, ಆಮೇಲೆ ಸೆಳವು, ಇವು ಡಿಸ್ಟೆಂಪರ್ ಎಂಬ ಮತ್ತೊಂದು ರೋಗದ ಲಕ್ಷಣಗಳು. ಇದಕ್ಕೆ ನೇರವಾದ ಔಷಧವಿಲ್ಲ, ಲಸಿಕೆಯುಂಟು. ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆಯಂತೆ ನಾಲ್ಕು ತಿಂಗಳು ತುಂಬುವವರೆಗೆ ಹಾಕಿಸಿ, ಮುಂದೆ ವೈದ್ಯರು ಹೇಳಿದಂತೆ ಮುಂದುವರಿಸಬೇಕು. ಇದೇ ಲಸಿಕೆಯೊಡನೆ ಇಲಿಜ್ವರಕ್ಕೂ ರಕ್ಷಣೆ ದೊರೆಯುವುದುಂಟು. ಇಲಿಯ ಮೂತ್ರ ಬೆರೆತ ನೀರಿನ ಗದ್ದೆಗಳಲ್ಲಿ ದುಡಿಯುವವರ ನಾಯಿಗಳಿಗೆ ಇದು ಅವಶ್ಯಕ. ಬೆಕ್ಕಿನ ಮರಿಗಳಿಗೂ ಎಂಟು ವಾರದ ಮೇಲೆ ಅವುಗಳದೇ ಆದ ಲಸಿಕೆಯಿದೆ.

ಕಾಡಂಚಿನವರು ಇದನ್ನು ವಿಶೇಷವಾಗಿ ಗಮನಿಸಬೇಕು. ಡಿಸ್ಟೆಂಪರ್ ರೋಗವು ನಾಯಿಗಳಲ್ಲಿಯೇ ನಿಲ್ಲುವುದಿಲ್ಲ. 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಸಿಂಹಗಳು ಈ ರೋಗದಿಂದ ನಾಶವಾದುವು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಇದೇ ವಿಷಾಣುವು ಕಂಡುಬಂದಿತು. ನಾಗರಹೊಳೆಯ ಸೀಳುನಾಯಿಗೂ ಹುಲಿಗೂ ಊರಿನ ನಾಯಿಯಿಂದ ಈ ರೋಗ ಹತ್ತಬಲ್ಲದು. ಮೇಕೆಗಳ ಹಿಂದೆ ನಾಯಿಯನ್ನು ಕಾಡಿಗೆ ಬಿಡಬಾರದು. ರಾತ್ರಿಯ ಹೊತ್ತು ನಾಯಿಯನ್ನು ಬಯಲಿನಲ್ಲಿ ಕಟ್ಟುವುದೂ ಬೇಡ. ಚಿರತೆಯು ಊರೊಳಗೆ ಬರುವುದಕ್ಕೆ ನಾಯಿಯೂ ಒಂದು ಮುಖ್ಯ ಆಕರ್ಷಣೆ. ನಾಯಿಯನ್ನು ಭದ್ರವಾದ ಗೂಡಿನಲ್ಲಿ ಮಲಗಿಸಿದ ಮನೆಯ ಜಗುಲಿಯಲ್ಲಿ ಮಕ್ಕಳೂ ಹೆಚ್ಚು ನಿರ್ಭಯವಾಗಿರುವರು.

7. ಹುಚ್ಚುನಾಯಿ ರೋಗ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದುವರೆಗೆ ಹೇಳಿದ ರೋಗಗಳಲ್ಲಿ ತಪ್ಪಿದರೆ ಪ್ರಾಣಿ ಹೋಗುತ್ತದೆ. ಇದರಲ್ಲಿ ತಪ್ಪಿದರೆ ಮನುಷ್ಯನೇ ಹೋಗುತ್ತಾನೆ. ರೇಬೀಸ್ ಎನ್ನುವ ಈ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡ ಮೇಲೆ ಬದುಕಿದವರು ಜಗತ್ತಿನಲ್ಲಿಯೇ ಬೆರಳೆಣಿಕೆಯಷ್ಟು ಮಂದಿ. ವಿಶ್ವ ಆರೋಗ್ಯ ಸಂಸ್ಥೆಯವರು ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ಇದರಿಂದ ಮರಣ ಹೊಂದುವರೆಂದು ಅಂದಾಜು ಮಾಡಿದ್ದಾರೆ. ಶಂಕಾಸ್ಪದವಾದ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ನೂರಕ್ಕೆ 40 ಮಂದಿ 15 ವರ್ಷದೊಳಗಿನ ಮಕ್ಕಳು. ಆದರೆ ಇದು ಪೂರ್ಣವಾಗಿ ತಡೆಯಬಹುದಾದ ರೋಗವೆಂಬುದನ್ನೂ ಮರೆಯಬಾರದು. 1885ನೆಯ ಇಸವಿ ಜುಲೈ 6ರಂದು ಲೂಯಿ ಪಾಸ್ತರ್ ಮಹಾಶಯರು ಒಂಬತ್ತು ವರ್ಷದ ಬಾಲಕನೊಬ್ಬನಿಗೆ ಮೊದಲ ಚುಚ್ಚುಮದ್ದನ್ನು ಕೊಡಿಸಿ ಉಳಿಸಿದಂದಿನಿಂದ ಈ ವಿದ್ಯೆ ಲೋಕಕ್ಕೆ ತಿಳಿದಿದೆ.

ರೋಗ ಬಂದ ನಾಯಿಯ ಗುರುತುಗಳು: ಸ್ವಭಾವ ಬದಲಾಗುವುದು, ಕಾರಣವಿಲ್ಲದೆ ಕಂಡಕಂಡದ್ದನ್ನು ಕಚ್ಚುವುದು, ದನಿ ಒಡೆಯುವುದು, ಕೆಳದವಡೆ ಜೋತು ಜೊಲ್ಲು ಸುರಿಯುವುದು, ಹೆಜ್ಜೆ ತಪ್ಪುವುದು. ಕೆಲವು ನಾಯಿಗಳು ಕಚ್ಚುವುದೇ ಇಲ್ಲ. ಕತ್ತಲೆಯ ಮೂಲೆಯಲ್ಲಿ ಮಂಕಾಗಿ ಬಿದ್ದಿರುತ್ತವೆ. ಇವು ಇನ್ನೂ ಅಪಾಯಕರ. ಏಕೆಂದರೆ ಗಂಟಲಲ್ಲಿ ಮೂಳೆ ಸಿಕ್ಕಿರಬಹುದೆಂದು ಮನೆಯವರು ಬಾಯಿಗೆ ಕೈ ಹಾಕುತ್ತಾರೆ. ಈ ರೋಗ ಬೇಸಿಗೆಯಲ್ಲಿ ಮಾತ್ರ ಬರುವುದೆಂಬುದು ಸುಳ್ಳು. ಮರಿ ಕಚ್ಚಿದರೆ ಬಾಧಕವಿಲ್ಲವೆಂಬುದೂ, ಬೆಕ್ಕು ಪರಚಿದರೆ ಚಿಂತೆಯಿಲ್ಲವೆಂಬುದೂ ಸುಳ್ಳು.

ನಾಯಿಯಾಗಲಿ ಬೆಕ್ಕಾಗಲಿ ಕಚ್ಚಿದಲ್ಲಿ ಮಾಡತಕ್ಕದ್ದು ಇಷ್ಟು. ಕೂಡಲೇ ಹರಿಯುವ ನೀರಿನ ಕೆಳಗೆ ಗಾಯವನ್ನು ಹಿಡಿದು, ಸಾಬೂನು ಹಾಕಿ, ಪೂರ್ತಿ 15 ನಿಮಿಷ ತೊಳೆಯಬೇಕು. ಸಾಬೂನು ಈ ವಿಷಾಣುವನ್ನು ಕೊಲ್ಲುತ್ತದೆ. ಗಾಯಕ್ಕೆ ಸುಣ್ಣ, ಅರಿಸಿನ, ಮೆಣಸಿನಪುಡಿ, ಕಾಫಿಪುಡಿ, ಹೊಗೆಸೊಪ್ಪು ಯಾವುದನ್ನೂ ಮೆತ್ತಬಾರದು, ಬಿಗಿಯಾಗಿ ಕಟ್ಟಲೂಬಾರದು. ಅನಂತರ ಆ ದಿನವೇ ಸರಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದನ್ನು ಆರಂಭಿಸಬೇಕು. ಗಾಯ ಆಳವಾಗಿದ್ದರೆ ಅಥವಾ ರಕ್ತ ಬಂದಿದ್ದರೆ ಗಾಯದ ಸುತ್ತ ಹಾಕುವ ಮತ್ತೊಂದು ಔಷಧವೂ ಬೇಕಾಗುವುದು; ಅದನ್ನು ಕೇಳಿ ಹಾಕಿಸಿಕೊಳ್ಳಬೇಕು.

ಹಿಂದಿನ ಕಾಲದಲ್ಲಿ ಈ ಚಿಕಿತ್ಸೆಗಾಗಿ ದಕ್ಷಿಣ ದೇಶದವರು 1907ರಲ್ಲಿ ಸ್ಥಾಪಿತವಾದ ಕೂನೂರಿನ ಪಾಸ್ತರ್ ಸಂಸ್ಥೆಗೆ ಹೋಗುತ್ತಿದ್ದರು. ಆಮೇಲೆ ಬಹುಕಾಲ ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದುಗಳನ್ನು ಹಾಕುತ್ತಿದ್ದರು. ಆ ಹೆದರಿಕೆಯಿಂದಲೇ ಈಗಲೂ ಕೆಲವರು ಆಸ್ಪತ್ರೆಗೆ ಹೋಗದೆ ಬೇರು ಕೊಡುವವರನ್ನೂ ಮಂತ್ರ ಹಾಕುವವರನ್ನೂ ಹುಡುಕುತ್ತಾರೆ. ಆ ಹಳೆಯ ಲಸಿಕೆಯು 2005ರ ಹೊತ್ತಿಗೆ ಬಳಕೆಯಿಂದ ಹೋಯಿತು. ಈಗ ಹಾಕುವುದು ತೋಳಿಗೆ. ಮೊದಲು ಹಾಕಿದ ದಿನವನ್ನು ಸೊನ್ನೆಯೆಂದು ಎಣಿಸಿ, 3, 7 ಮತ್ತು 28ನೆಯ ದಿನಗಳಲ್ಲಿ ಚರ್ಮದೊಳಕ್ಕೂ, ಸ್ನಾಯುವಿಗೆ ಹಾಕುವುದಾದರೆ 14ನೆಯ ದಿನ ಇನ್ನೊಂದನ್ನು ಸೇರಿಸಿಯೂ ಕೊಡುತ್ತಾರೆ. ಗಾಯ ಮಾದ ಮಾತ್ರಕ್ಕೆ ನಡುವೆ ನಿಲ್ಲಿಸಬಾರದು. ರೋಗವು ಹೊರಬೀಳಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ. ಮಂತ್ರ ಹಾಕಿಸಿಕೊಂಡು ಬದುಕಿದವರೆಂದರೆ ರೋಗವಿಲ್ಲದ ನಾಯಿ ಕಚ್ಚಿದವರು. ಅವರ ದೃಷ್ಟಾಂತವನ್ನು ನಂಬಿ ರೋಗದ ನಾಯಿ ಕಚ್ಚಿದ ಮಗುವನ್ನು ಕಳೆದುಕೊಳ್ಳಬಾರದು.

ಕಚ್ಚಿದ ನಾಯಿ ಅಥವಾ ಬೆಕ್ಕು ಸಾಕಿದ್ದಾದರೆ ಅದನ್ನು ಹೊಡೆದು ಕೊಲ್ಲದೆ ಹತ್ತು ದಿನ ಕಟ್ಟಿ ನೋಡಬೇಕು. ಹತ್ತು ದಿನವೂ ಅದು ಆರೋಗ್ಯವಾಗಿದ್ದರೆ ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ವಿಷವಿರಲಿಲ್ಲವೆಂದು ತಿಳಿಯಬಹುದು. ಆದರೆ ಈ ಹತ್ತು ದಿನ ಕಾಯುತ್ತ ಚುಚ್ಚುಮದ್ದನ್ನು ತಡಮಾಡಕೂಡದು.

ದನಗಳ ಮಾತು. ಹುಚ್ಚುನಾಯಿ ಕಚ್ಚಿದ ಹಸು ಎತ್ತುಗಳಿಗೂ ಕೂಡಲೇ ಗಾಯ ತೊಳೆದು ಚುಚ್ಚುಮದ್ದುಗಳನ್ನು ಹಾಕಿಸಿದರೆ ಉಳಿಸಿಕೊಳ್ಳಬಹುದು. ಹಸುವು ಮೇವು ಬಿಟ್ಟು, ಜೊಲ್ಲು ಸುರಿಸುತ್ತ, ಗೊಗ್ಗರು ದನಿಯಲ್ಲಿ ಬಿಡದೆ ಕೂಗುತ್ತಿದ್ದರೆ, ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬರಿಗೈಯನ್ನು ಅದರ ಬಾಯೊಳಗೆ ಹಾಕಬೇಡಿರಿ. ಹೀಗೆ ಕೈ ಹಾಕುವುದರಿಂದಲೂ ರೋಗ ತಗಲುವುದುಂಟು. ಅಂಥ ಹಸುವಿನ ಹಾಲನ್ನು ಕರೆಯುವುದಾಗಲಿ ಕುಡಿಯುವುದಾಗಲಿ ಬೇಡ. ತಿಳಿಯದೆ ಹಸಿಹಾಲನ್ನು ಕುಡಿದಿದ್ದರೆ ವೈದ್ಯರಿಗೆ ಹೇಳಬೇಕು. ಕಾಯಿಸಿದ ಹಾಲಿನಲ್ಲಿ ಈ ವಿಷಾಣು ಉಳಿಯುವುದಿಲ್ಲ.

ಇಷ್ಟೆಲ್ಲ ಕಷ್ಟಕ್ಕೆ ಮೂಲದಲ್ಲಿಯೇ ಪರಿಹಾರವೆಂದರೆ, ನಾಯಿಗೂ ಬೆಕ್ಕಿಗೂ ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆ, ವೈದ್ಯರು ಹೇಳಿದಂತೆ ಮತ್ತೊಮ್ಮೆ, ಅನಂತರ ಪ್ರತಿವರ್ಷವೂ ತಪ್ಪದೆ ಒಂದು.

8. ಸಂತಾನದ ಮಿತಿ

ಹೆಣ್ಣುನಾಯಿಯು ಸುಮಾರು 63 ದಿನ ಗರ್ಭ ಧರಿಸಿ ವರ್ಷಕ್ಕೆ ಎರಡಾವರ್ತಿಯಾದರೂ ಈಯಬಲ್ಲದು. ಬೆಕ್ಕು ಇನ್ನೂ ಹೆಚ್ಚು. ಬೇಡವಾದ ಮರಿಗಳನ್ನು ಗೋಣಿಚೀಲದಲ್ಲಿ ತುಂಬಿ ಸಂತೆಯ ಬಯಲಿನಲ್ಲಿಯೋ ಪಕ್ಕದೂರಿನ ಗಡಿಯಲ್ಲಿಯೋ ಬಿಟ್ಟುಬರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಪಕ್ಕದೂರಿನವರೂ ಹಾಗೆಯೇ ಮಾಡುವುದರಿಂದ ಎರಡು ಊರುಗಳಲ್ಲಿಯೂ ನಾಯಿ ಕಡಮೆಯಾಗುವುದಿಲ್ಲ. ಬಿಟ್ಟುಬಂದವರ ಪಾಪ ಮಾತ್ರ ಹೆಚ್ಚುತ್ತದೆ. ಆರು ತಿಂಗಳಿನ ಸುಮಾರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮಾಡಿಸುವುದೇ ಇದಕ್ಕೆ ಮಾರ್ಗ. ಇದರಿಂದ ಹೆಣ್ಣುನಾಯಿಗೆ ಗರ್ಭಕೋಶದ ಕೀವುರೋಗವೂ ತಪ್ಪುತ್ತದೆ. ಗಂಡುನಾಯಿಗಳ ಅಲೆದಾಟ, ಕಚ್ಚಾಟಗಳೂ ಕಡಮೆಯಾಗುತ್ತವೆ.

9. ಗ್ರಾಮಮುಖಂಡರ ಕರ್ತವ್ಯ

ಕೊನೆಯದಾಗಿ ಯಜಮಾನರಲ್ಲಿಯೂ ಪಂಚಾಯಿತಿಯವರಲ್ಲಿಯೂ ಒಂದು ಅರಿಕೆ. ಒಬ್ಬನು ತನ್ನ ನಾಯಿಗೆ ಲಸಿಕೆ ಹಾಕಿಸಿದರೆ ಅವನ ಮನೆಗೆ ಅಷ್ಟು ಕ್ಷೇಮ. ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಹಾಕಿಸಿದರೆ ಇಡೀ ಊರಿಗೇ ಕ್ಷೇಮ. ಏಕೆಂದರೆ ರೋಗವು ಒಂದರಿಂದ ಇನ್ನೊಂದಕ್ಕೆ ದಾಟಲು ದಾರಿ ಸಿಕ್ಕುವುದಿಲ್ಲ. ಈ 70 ಎಂಬ ಲೆಕ್ಕದಲ್ಲಿ ಯಾರೂ ಸಾಕದ ಬೀದಿನಾಯಿಗಳೂ ಸೇರಬೇಕು. ಅದು ಒಬ್ಬ ರೈತನಿಂದ ಆಗುವ ಕೆಲಸವಲ್ಲ. ಆದುದರಿಂದಲೇ ಮುಖಂಡರ ಹೊಣೆ.

ನಾಯಿಗಳಿಗೆ ವಿಷ ಹಾಕಿಸಿಬಿಟ್ಟರಾಯಿತೆಂದು ಹೇಳುವವರಿದ್ದಾರೆ. ಅದು ಕಾನೂನಿಗೆ ವಿರುದ್ಧ, ಅಲ್ಲದೆ ನಿಷ್ಫಲ. ಲಸಿಕೆ ಹಾಕಿದ ನಾಯಿಗಳು ಸತ್ತ ಜಾಗಕ್ಕೆ ಲಸಿಕೆಯಿಲ್ಲದ ಹೊರಗಿನ ನಾಯಿಗಳು ಬಂದು ಸೇರುತ್ತವೆ. ಗೋವೆಯಲ್ಲಿ ಇದಕ್ಕೆ ಬದಲಾಗಿ ಊರೂರಿನ ನಾಯಿಗಳನ್ನು ಹಿಡಿದು ಸಾಮೂಹಿಕವಾಗಿ ಲಸಿಕೆ ಹಾಕಿದರು. ಶಾಲೆಯ ಮಕ್ಕಳಿಗೆ ತಿಳಿವಳಿಕೆ ಕೊಟ್ಟರು. 2018 ಮತ್ತು 2019ರಲ್ಲಿ ಅಲ್ಲಿ ಹುಚ್ಚುನಾಯಿ ರೋಗದಿಂದ ಒಬ್ಬ ಮನುಷ್ಯನೂ ಸಾಯಲಿಲ್ಲ.

ಇಂಥದು ನಮ್ಮಿಂದ ಆಗುವುದೇ ಎಂದು ಸಂಶಯಪಡುವವರು ದನಗಳ ದೊಡ್ಡರೋಗವನ್ನು ನೆನೆಯಬೇಕು. ಕೊಟ್ಟಿಗೆಗೆ ಕೊಟ್ಟಿಗೆಯೇ ಬರಿದಾಗುತ್ತಿದ್ದುದನ್ನು ತಮ್ಮ ಹಿರಿಯರು ಹೇಳಿರಬಹುದು. ಬೆಂಗಳೂರಿನಲ್ಲಿ 1925ರಲ್ಲಿ ಮೈಸೂರು ಸೀರಂ ಸಂಸ್ಥೆಯು ಏರ್ಪಟ್ಟದ್ದೇ ಮುಖ್ಯವಾಗಿ ಆ ರೋಗದ ಸಲುವಾಗಿ. ಊರೂರಿನ ದನಗಳಿಗೆ ಪಟ್ಟುಬಿಡದೆ ಲಸಿಕೆ ಹಾಕಿ ಹಾಕಿ, 2011ರಲ್ಲಿ ಆ ರೋಗವು ಭೂಮಂಡಲದಿಂದಲೇ ತೊಲಗಿತೆಂದು ಸಾರಲಾಯಿತು. ಚುಂಚನಕಟ್ಟೆಯ ಜಾತ್ರೆಗೆ ಎತ್ತು ಕಟ್ಟುವವರಾರೂ ಇಂದು ಆ ರೋಗಕ್ಕೆ ಹೆದರುವುದಿಲ್ಲ. ಎತ್ತಿನ ವಿಷಯದಲ್ಲಿ ಸಾಧ್ಯವಾದದ್ದು ನಾಯಿಯ ವಿಷಯದಲ್ಲಿಯೂ ಸಾಧ್ಯವೇ.

ಪಾಸ್ತರ್ ಮಹಾಶಯರು ಗತಿಸಿದ ಸೆಪ್ಟೆಂಬರ್ 28ನೆಯ ತಾರೀಖನ್ನು ಪ್ರಪಂಚದಾದ್ಯಂತ ರೇಬೀಸ್ ದಿನವಾಗಿ ಆಚರಿಸುತ್ತಾರೆ. ಆ ದಿನಕ್ಕೆ ಮುಂಚೆಯೇ ಊರಿನ ನಾಯಿ ಬೆಕ್ಕುಗಳ ಪಟ್ಟಿಯನ್ನು ಬರೆದಿಟ್ಟು, ಪಶುವೈದ್ಯರನ್ನು ಊರಿಗೇ ಬರಮಾಡಿಕೊಂಡು, ಶಾಲೆಯ ಅಂಗಳದಲ್ಲಿಯೋ ದೇವಸ್ಥಾನದ ಮುಂದೆಯೋ ಒಂದೇ ದಿನ ಎಲ್ಲಕ್ಕೂ ಲಸಿಕೆ ಹಾಕಿಸಿದರೆ ಕೆಲಸ ಸುಲಭವಾಗುವುದು.

ಜ್ಞಾಪಕದಲ್ಲಿಡತಕ್ಕ ಅಂಶಗಳು

1. ರೇಬೀಸ್ ಲಸಿಕೆ: ಮೂರನೆಯ ತಿಂಗಳಲ್ಲಿ ಆರಂಭ, ಪ್ರತಿವರ್ಷ ತಪ್ಪದೆ.
2. ಹುಳುವಿನ ಔಷಧ: ಬೆಳೆದ ಪ್ರಾಣಿಗೆ ಮೂರು ತಿಂಗಳಿಗೊಮ್ಮೆ.
3. ಹಸಿಯ ಕುರಿತ್ಯಾಜ್ಯವನ್ನು ನಾಯಿಗೆ ಹಾಕಬಾರದು.
4. ಹೊಗೆಸೊಪ್ಪಿನ ನೀರು, ಹಳೆಯ ಎಣ್ಣೆ, ಬೆಳೆಯ ಔಷಧ ಇವು ಕಜ್ಜಿಗೂ ಗಾಯಕ್ಕೂ ಮದ್ದಲ್ಲ.
5. ಮನುಷ್ಯರ ಮಾತ್ರೆಯನ್ನು ಬೆಕ್ಕಿಗೆ ಕೊಡಬಾರದು.
6. ಕಚ್ಚಿದರೆ 15 ನಿಮಿಷ ಸಾಬೂನು ನೀರು. ಆ ದಿನವೇ ಆಸ್ಪತ್ರೆ.
7. ಜೊಲ್ಲು ಸುರಿಸುವ ದನದ ಬಾಯಿಗೆ ಬರಿಗೈ ಹಾಕಬಾರದು.
8. ಬೇಡವಾದ ಮರಿಗಳನ್ನು ಬಿಟ್ಟುಬರುವುದಕ್ಕಿಂತ ಹುಟ್ಟದಂತೆ ಮಾಡುವುದು ಮೇಲು.

ಮಹನೀಯರೇ, ಕಾಳಿಯೆಂಬ ನಾಯಿಗೆ ಕಲ್ಲು ನೆಟ್ಟವರ ನಾಡಿನಲ್ಲಿ ನಾವಿದ್ದೇವೆ. ಮನೆಬಾಗಿಲನ್ನು ಕಾಯುವ ಪ್ರಾಣಿಯಿಂದಲೇ ಮನೆಗೆ ಮೃತ್ಯು ಬರಬಾರದು. ಅದನ್ನು ತಡೆಯುವ ಶಕ್ತಿ ತಮ್ಮ ಕೈಯಲ್ಲಿದೆ.